‘ಸಿಸ್ಟಂ ರಿಸ್ಟೋರ್’ ತೆಗೆದರೆ ಹಳೆ ಕಂಪ್ಯೂಟರ್ ಫಾಸ್ಟ್ ಆಗುತ್ತಾ?

“ನಿಮ್ಮ ಹಳೆ ಕಂಪ್ಯೂಟರ್ ಸ್ಲೋ ಆಗಿದೆಯಾ? ಸಿಸ್ಟಂ ರಿಸ್ಟೋರ್ ಆಫ್ ಮಾಡಿ, ರಿಕವರಿ ಪಾರ್ಟಿಷನ್ ಡಿಲೀಟ್ ಮಾಡಿ, ಹೊಸದರಂತೆ ಓಡುತ್ತದೆ.” ಈ ಸಲಹೆ ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ಇದೆ. ಅರ್ಧ ನಿಜ, ಅದಕ್ಕೇ ಅಪಾಯ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದಂಥ ಊರುಗಳ ಡಿಟಿಪಿ ಅಂಗಡಿಯವರಿಗೆ, ಫೋಟೋ ಸ್ಟುಡಿಯೋದವರಿಗೆ ಇದು ಮುಖ್ಯ. ಹಳೆ ನುಡಿ, ಬರಹ ಫಾಂಟಿನ ಫೈಲುಗಳಿವೆ, ಹಳೆ ಪ್ರಿಂಟರ್ ಇದೆ ಅಂತ ಎಕ್ಸ್‌ಪಿ, ವಿಂಡೋಸ್ 7 ಬಿಡದವರು ಇದ್ದೇ ಇರುತ್ತಾರೆ.

ಸಿಸ್ಟಂ ರಿಸ್ಟೋರ್ ಅಂದರೇನು? ಪಹಣಿಯಲ್ಲಿ ಹೆಸರು ಬದಲಾದರೆ ಹಿಂದೆ ಯಾರ ಹೆಸರಿತ್ತು ಅಂತ ಎಂ.ಆರ್. ತೆಗೆಸಿ ನೋಡುತ್ತೇವಲ್ಲ, ಹಾಗೆ. ಹೊಸ ಪ್ರೋಗ್ರಾಂ, ಡ್ರೈವರ್ ಹಾಕುವ ಮೊದಲು ವಿಂಡೋಸ್ ತನ್ನ ಸಿಸ್ಟಂ ಫೈಲುಗಳ ಹಿಂದಿನ ಸ್ಥಿತಿಯನ್ನು ತೆಗೆದಿಡುತ್ತದೆ. ಏನಾದರೂ ಕೆಟ್ಟರೆ ಆ ದಿನಕ್ಕೆ ವಾಪಸ್ ಹೋಗಬಹುದು. ಇದು ಮೊದಲು ಬಂದಿದ್ದು 2000ರ ವಿಂಡೋಸ್ ಎಂ.ಇ.ಯಲ್ಲಿ, ಮರುವರ್ಷ ಎಕ್ಸ್‌ಪಿಗೂ ಬಂತು.

ಈಗ ಅರ್ಧ ನಿಜದ ವಿಷಯ. ಎಕ್ಸ್‌ಪಿಯಲ್ಲಿ ಇದು ಡಿಸ್ಕಿನ ಶೇ 12ರಷ್ಟು ಜಾಗದವರೆಗೆ ಬಳಸಬಹುದು. 80 ಜಿಬಿ ಡಿಸ್ಕಿನಲ್ಲಿ ಅದು ಸುಮಾರು 9.6 ಜಿಬಿ. ಆಫ್ ಮಾಡಿದರೆ ಆ ಜಾಗ ಸಿಗುವುದು ಹೌದು. ಆದರೆ ಜಾಗ ಬೇರೆ, ವೇಗ ಬೇರೆ. ಡಿಸ್ಕ್ ಪೂರ್ತಿ ತುಂಬಿ ಹೋಗಿದ್ದರೆ ಸ್ವಲ್ಪ ಹಗುರಾಗಬಹುದು ಅಷ್ಟೇ. 1 ಜಿಬಿ ರ‍್ಯಾಮ್‌ನಲ್ಲಿ ವಿಂಡೋಸ್ 7 ತೆವಳುತ್ತಿದ್ದರೆ ಅದಕ್ಕೆ ಕಾರಣ ರ‍್ಯಾಮ್, ಹಳೆ ಹಾರ್ಡ್‌ಡಿಸ್ಕ್, ಆನ್ ಮಾಡಿದ ಕೂಡಲೇ ತಾವಾಗಿ ಶುರುವಾಗುವ ಹತ್ತಾರು ಪ್ರೋಗ್ರಾಂಗಳು. ರಿಸ್ಟೋರ್ ಅಲ್ಲ.

ಈ ಸಲಹೆಗೆ ಇನ್ನೊಂದು ಮೂಲವೂ ಇದೆ. ಎಕ್ಸ್‌ಪಿ ಕಾಲದಲ್ಲಿ ವೈರಸ್ ಹೋಗಿ ರಿಸ್ಟೋರ್ ಫೋಲ್ಡರ್‌ನಲ್ಲೂ ಸೇರಿಕೊಳ್ಳುತ್ತಿತ್ತು. ಆ್ಯಂಟಿವೈರಸ್‌ಗೆ ಅಲ್ಲಿ ಕೈಹಾಕಲು ಆಗುತ್ತಿರಲಿಲ್ಲ. ಹಾಗಾಗಿ ಆಫ್ ಮಾಡಿ, ವೈರಸ್ ತೆಗೆದು, ಮತ್ತೆ ಆನ್ ಮಾಡಿ ಎಂದು ಆ್ಯಂಟಿವೈರಸ್ ಕಂಪನಿಗಳೇ ಹೇಳುತ್ತಿದ್ದವು. ಬಾಯಿಂದ ಬಾಯಿಗೆ ಬರುವಾಗ ‘ಮತ್ತೆ ಆನ್ ಮಾಡಿ’ ಎಂಬ ಮಾತೇ ಬಿದ್ದುಹೋಯಿತು!

ಆಫ್ ಮಾಡಿದ ಕ್ಷಣವೇ ಹಿಂದಿನ ರಿಸ್ಟೋರ್ ಪಾಯಿಂಟ್‌ಗಳೆಲ್ಲ ಅಳಿಸಿಹೋಗುತ್ತವೆ. ಮತ್ತೆ ಆನ್ ಮಾಡಿದರೂ ಅವು ಬರುವುದಿಲ್ಲ. ಅಪ್‌ಡೇಟ್ ನಡುವೆ ಕರೆಂಟ್ ಹೋಯಿತು, ವಿಂಡೋಸ್ ಏಳುತ್ತಿಲ್ಲ ಅಂದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ.

ಇನ್ನೊಂದು ಮಾತು ಕೇಳಿ. 2017ರ ಮೇ 12ರಂದು ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿದ ವನ್ನಾಕ್ರೈ ನೆನಪಿದೆಯಾ? ಅದಕ್ಕೆ ಹೆಚ್ಚು ಸಿಕ್ಕಿದ್ದು ವಿಂಡೋಸ್ 7. ವಿಂಡೋಸ್ ಇಟ್ಟುಕೊಂಡಿದ್ದ ಹಳೆ ನಕಲುಗಳನ್ನು ಅಳಿಸುವುದು, ರಿಕವರಿಯನ್ನು ಬಂದ್ ಮಾಡುವುದು ಕೂಡ ಅದರ ಕೆಲಸವಾಗಿತ್ತು. ಕಳ್ಳ ಬಂದು ಮಾಡುವ ಕೆಲಸವನ್ನು ಫಾರ್ವರ್ಡ್ ನೋಡಿ ನಾವೇ ಮಾಡಿಡಬೇಕೇ?

ರಿಕವರಿ ಪಾರ್ಟಿಷನ್ ಅಳಿಸುವುದು ಇನ್ನೂ ದುಬಾರಿ. ಹಳೆ ಲ್ಯಾಪ್‌ಟಾಪ್‌ಗಳ ಜೊತೆ ಎಷ್ಟೋ ಸಲ ವಿಂಡೋಸ್ ಸಿಡಿ ಕೊಡುತ್ತಿರಲಿಲ್ಲ, ಕಂಪನಿಯಿಂದ ಬಂದ ವಿಂಡೋಸ್ ಇರುವುದೇ ಆ ಪಾರ್ಟಿಷನ್‌ನಲ್ಲಿ. ವಿಂಡೋಸ್ 7ರಲ್ಲಿ ‘ಸಿಸ್ಟಂ ರಿಸರ್ವ್ಡ್’ ಅಂತ 100 ಎಂಬಿಯ ಒಂದು ಚೂರು ಕಾಣುತ್ತದೆ. ಸಾಮಾನ್ಯವಾಗಿ ಬೂಟ್ ಫೈಲುಗಳು ಇರುವುದು ಅಲ್ಲೇ. 100 ಎಂಬಿ ಆಸೆಗೆ ಅದನ್ನು ತೆಗೆದರೆ ಕಂಪ್ಯೂಟರ್ ಆನ್ ಆದರೂ ವಿಂಡೋಸ್ ಬರುವುದಿಲ್ಲ.

ಜಾಗವೇ ಬೇಕಿದ್ದರೆ ಪೂರ್ತಿ ಆಫ್ ಮಾಡಬೇಡಿ. ಎಕ್ಸ್‌ಪಿಯಲ್ಲಿ ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಸಿಸ್ಟಂ ರಿಸ್ಟೋರ್ ಟ್ಯಾಬ್‌ನಲ್ಲಿ ಜಾಗವನ್ನು ಕಡಿಮೆ ಮಾಡಿಕೊಳ್ಳಬಹುದು. ಅಥವಾ ಡಿಸ್ಕ್ ಕ್ಲೀನಪ್‌ನ ‘ಮೋರ್ ಆಪ್ಷನ್ಸ್’ನಲ್ಲಿ ಕೊನೆಯ ರಿಸ್ಟೋರ್ ಪಾಯಿಂಟ್ ಒಂದನ್ನು ಉಳಿಸಿ ಮಿಕ್ಕವನ್ನು ಅಳಿಸಬಹುದು. ವಿಂಡೋಸ್ 7ರಲ್ಲೂ ಇವೆರಡೂ ಇವೆ.

ಸಿಸ್ಟಂ ರಿಸ್ಟೋರ್ ವಿಂಡೋಸನ್ನು ಹಿಂದಕ್ಕೆ ತರುತ್ತದೆಯೇ ಹೊರತು ನೀವು ಟೈಪ್ ಮಾಡಿದ ಲಗ್ನಪತ್ರಿಕೆ, ತೆಗೆದ ಫೋಟೋಗಳನ್ನಲ್ಲ. ಅವುಗಳ ಇನ್ನೊಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿರಲಿ, ಕಾಪಿ ಆದ ಮೇಲೆ ಅದನ್ನು ಕಂಪ್ಯೂಟರ್‌ನಿಂದ ಬಿಚ್ಚಿಡಿ. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿದಿರುವುದರಿಂದ, ಆ ಯಂತ್ರಗಳನ್ನು ಪ್ರಿಂಟ್ ಕೆಲಸಕ್ಕೆ ಇಟ್ಟುಕೊಂಡು ಇಂಟರ್‌ನೆಟ್ ವೈರ್ ತೆಗೆದುಬಿಡುವುದು ಉತ್ತಮ.