ನಿಕೋಟಿನ್ ಇಲ್ಲದಿದ್ದರೂ

ಚೀನಾದ ಔಷಧತಜ್ಞ ಹೋನ್ ಲಿಕ್ 2003ರಲ್ಲಿ ಇ-ಸಿಗರೇಟು ರೂಪಿಸಿದ್ದು ತಮ್ಮದೇ ಸಿಗರೇಟಿನ ಚಟ ಬಿಡಲು. ಧೂಮಪಾನಿಯಾಗಿದ್ದ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಸುಡುವುದು ತಪ್ಪಿದರೆ ಅಪಾಯವೂ ತಗ್ಗೀತು ಎಂಬ ಎಣಿಕೆ ಹುರುಳಿಲ್ಲದ್ದೇನಲ್ಲ. ಟಾರ್, ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದು ಉರಿಯಿಂದಲೇ. ಉಳಿದ ದೂರೆಲ್ಲ ನಿಕೋಟಿನ್ ತಲೆಗೆ ಬಂತು. ಅದಿಲ್ಲದ ಆವಿ ನಿರಪಾಯವೆಂದು ಹಲವರು ನಂಬಿದರು.

2019ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಅಧ್ಯಯನವೊಂದು ಹೊರಬಂತು. ನಾಲ್ಕು ತಿಂಗಳು ಆವಿ ಉಸಿರಾಡಿದ ಇಲಿಗಳ ಶ್ವಾಸಕೋಶದಲ್ಲಿ ರೋಗಾಣುಗಳನ್ನು ನುಂಗಬೇಕಾದ ಮ್ಯಾಕ್ರೋಫೇಜ್ ಕೋಶಗಳೊಳಗೆ ಕೊಬ್ಬು ತುಂಬಿಕೊಂಡಿತ್ತು. ಫ್ಲೂ ಸೋಂಕು ತಗುಲಿಸಿದಾಗ ಅವುಗಳ ಶ್ವಾಸಕೋಶ ಹೆಚ್ಚು ಹಾಳಾಯಿತು. ನಿಕೋಟಿನ್ ಇಲ್ಲದ ಆವಿಯಿಂದಲೂ ಹೀಗೇ! ಇಲಿ ಮನುಷ್ಯನಲ್ಲ, ನಿಜ. ಆದರೆ ಆವಿಯ ಮೂಲದ್ರವಗಳಾದ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್‌ಗಳನ್ನು ತಿನಿಸಿನಲ್ಲಿ ಒಪ್ಪಿದ್ದು ಹೊಟ್ಟೆಗೆಂದು, ಉಸಿರಿಗೆಂದಲ್ಲ.

ಅದೇ ತಿಂಗಳು ಭಾರತ ಸುಗ್ರೀವಾಜ್ಞೆ ತಂದು ಇ-ಸಿಗರೇಟು ನಿಷೇಧಿಸಿತು, ನಿಕೋಟಿನ್ ಇರಲಿ, ಬಿಡಲಿ.