ಅಪರಾಧಿ ಬುಡಕಟ್ಟು ಕಾಯಿದೆ ಮತ್ತು ಅಳಿಯದ ದಾಖಲೆ

ವಸಾಹತುಶಾಹಿ ಆಡಳಿತದಲ್ಲಿ ಅಪರಾಧಕ್ಕಿಂತ ಮೊದಲೇ ಅಪರಾಧದ ದಾಖಲೆ ಸಿದ್ಧವಾಗಿರುತ್ತಿದ್ದುದಕ್ಕೆ 1871ರ ಅಪರಾಧಿ ಬುಡಕಟ್ಟು ಕಾಯಿದೆ ಸ್ಪಷ್ಟ ನಿದರ್ಶನವಾಗಿದೆ. ಮೊದಲಿಗೆ ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಈ ವ್ಯವಸ್ಥೆ 1911ರ ಕಾಯಿದೆಯ ಮೂಲಕ ಮದ್ರಾಸ್ ಮತ್ತು ಮುಂಬಯಿ ಪ್ರಾಂತಗಳಿಗೂ ವಿಸ್ತರಿಸಿತು. 1924ರಲ್ಲಿ ಕಾಯಿದೆ ಪುನಾರಚನೆಗೊಂಡಿತು. ಸರಕಾರ ಒಂದು ಸಮುದಾಯವನ್ನು ಅಪರಾಧಿಯೆಂದು ಘೋಷಿಸಿದರೆ ಅದನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿರಲಿಲ್ಲ. ಹೀಗೆ ಘೋಷಿತರಾದವರ ಹೆಸರು ರಿಜಿಸ್ಟರಿಗೆ ಸೇರುತ್ತಿತ್ತು, ಬೆರಳಚ್ಚು ಪೊಲೀಸರ ವಶವಾಗುತ್ತಿತ್ತು. ಕಳವು ಮಾಡಿದ್ದಾನೆಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತಲೇ ಇರಲಿಲ್ಲ. ಯಾರ ಹೊಟ್ಟೆಯಲ್ಲಿ ಹುಟ್ಟಿದ್ದಾನೆ ಎಂಬುದಷ್ಟೇ ಸಾಕಾಗಿತ್ತು.

ಕೊರಮ-ಕೊರಚರ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ಸುತ್ತಿ ವ್ಯಾಪಾರ ಮಾಡುತ್ತಿದ್ದ ಇವರ ಬದುಕನ್ನು ರೈಲು ಮಾರ್ಗ ಹಾಗೂ ಸರಕಾರದ ಉಪ್ಪಿನ ನೀತಿಗಳು ಮುರಿದವು. ಕಸುಬು ಹೋದ ಮೇಲೂ ನಿಲ್ಲದ ಅವರ ಅಲೆದಾಟವೇ ಆಡಳಿತದ ಕಣ್ಣಿಗೆ ಅಪರಾಧದ ಲಕ್ಷಣವಾಗಿ ತೋರಿತು. ಜನಪದರು ಮಾತ್ರ ಕೊರವಂಜಿಯನ್ನು ಕಣಿ ಹೇಳುವವಳೆಂದೂ ಹಚ್ಚೆ ಹೊಯ್ಯುವವಳೆಂದೂ ಅಂಗಳಕ್ಕೆ ಕರೆದು ಮೊರದ ತುಂಬ ಕಾಳು ಕೊಡುತ್ತಿದ್ದರು. ಒಂದೇ ಸಮುದಾಯದ ಬಗೆಗಿನ ಈ ಎರಡು ತಿಳಿವಳಿಕೆಗಳಲ್ಲಿ ಕಚೇರಿಯದೇ ಗೆದ್ದಿತು.

ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥ ಸಮುದಾಯಗಳನ್ನು ವಸಾಹತುಗಳಲ್ಲಿ ಕೂಡಿಹಾಕಲಾಯಿತು. ಆ ನೆಲೆಗಳನ್ನು ಜನ ಮುಂದೆಯೂ 'ಸೆಟ್ಲ್‌ಮೆಂಟ್' ಎಂದೇ ಕರೆಯುತ್ತ ಬಂದರು. ವಿಳಾಸ ಹೇಳಿದರೆ ಸಾಕು, ಕುಲವೂ ತಿಳಿಯುತ್ತದೆ, ಅದರ ಬೆನ್ನಿಗೇ ಸಂಶಯವೂ ಬರುತ್ತದೆ.

ಕಾಯಿದೆ 1952ರ ಆಗಸ್ಟ್ 31ರಂದು ರದ್ದಾಯಿತು. ಅಂದಿನಿಂದ ಇವರು ವಿಮುಕ್ತರು. ಆದರೆ ಅದರ ಆಸುಪಾಸಿನಲ್ಲೇ ಪ್ರಾಂತಗಳಲ್ಲಿ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು, ಕರ್ನಾಟಕದ್ದು 1961ರದು. ಇವು ಸಮುದಾಯವನ್ನಲ್ಲ, ವ್ಯಕ್ತಿಗೆ ಆದ ಶಿಕ್ಷೆಗಳನ್ನು ಲೆಕ್ಕಹಾಕುತ್ತವೆ ಎಂಬುದು ನಿಜ. ಕಾಗದದ ಮೇಲಿನ ಈ ವ್ಯತ್ಯಾಸ ಠಾಣೆಯ ರೂಢಿಯಲ್ಲಿ ಎಷ್ಟು ಉಳಿಯಿತೆಂಬುದು ಬೇರೆಯೇ ಮಾತು. 2024ರ ಅಕ್ಟೋಬರ್ 3ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆರೆಮನೆಯ ರಿಜಿಸ್ಟರುಗಳಲ್ಲಿದ್ದ ಜಾತಿಯ ಕಾಲಂ ಅಳಿಸಬೇಕೆಂದೂ ವಿಮುಕ್ತ ಬುಡಕಟ್ಟುಗಳವರನ್ನು ಮನಬಂದಂತೆ ಬಂಧಿಸಕೂಡದೆಂದೂ ಹೇಳಬೇಕಾಗಿ ಬಂದಿತು. ಕಾಯಿದೆ ರದ್ದಾಗಿ ಆಗ 72 ವರ್ಷ ಕಳೆದಿದ್ದವು.

ಎಲ್ಲಕ್ಕಿಂತ ಕಠಿಣವಾದ ದಾಖಲೆ ಹೆಸರಿನಲ್ಲಿಯೇ ಇದೆ. ಗಂಟಿಚೋರ್ ಎಂದರೆ ಗಂಟುಕಳ್ಳ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಈ ಸಮುದಾಯದ ಹೆಸರು ಹೀಗೆಯೇ ಇದೆ. ಶಾಲೆ, ವಿದ್ಯಾರ್ಥಿವೇತನ, ನೌಕರಿಗಳಲ್ಲಿ ಮೀಸಲಾತಿ ಬೇಕಾದರೆ ತಹಶೀಲ್ದಾರರ ಮುದ್ರೆಯೊಂದಿಗೆ ಅದೇ ಪದ ಪ್ರಮಾಣಪತ್ರದಲ್ಲಿ ಬರೆಯಿಸಿಕೊಳ್ಳಬೇಕು. ಅದನ್ನು ಬಿಟ್ಟರೆ ಹಕ್ಕೂ ಹೋಗುತ್ತದೆ. ಎಂದೂ ಠಾಣೆಯ ಮೆಟ್ಟಿಲು ತುಳಿಯದ ಹುಡುಗಿಯೊಬ್ಬಳು ಕಾಲೇಜಿಗೆ ಸೇರುವಾಗ ಗುಮಾಸ್ತರ ಮೇಜಿನ ಮೇಲೆ ಇಡಬೇಕಾದದ್ದು ಈ ಕಾಗದವನ್ನೇ.