ಅಂಜು

ಕೂಡಲಸಂಗಮದಲ್ಲಿ ಕೃಷ್ಣೆ, ಮಲಪ್ರಭೆ ಕೂಡುವಲ್ಲಿ ಹೊಳೆಯ ಮೆಟ್ಟಿಲ ಮೇಲೆ ಒಬ್ಬಾತ ರುಮಾಲು ಸುತ್ತಿಕೊಳ್ಳಲು ಕೈ ಎತ್ತಿದ. ಪಕ್ಕದಲ್ಲಿದ್ದ ಏಳೆಂಟು ವರ್ಷದ ಮಗ ತಟ್ಟನೆ ಮೊಣಕೈ ಮಡಿಚಿ ಮುಖಕ್ಕೆ ಅಡ್ಡ ಹಿಡಿದ. ಕಾಯಿ ಮಾರುತ್ತಿದ್ದ ಅಜ್ಜಿ ಮೆಚ್ಚಿಯೇ ಅಂದರು: "ಅಪ್ಪಗ ಭಾಳ ಅಂಜತೈತ್ರಿ. ಶ್ಯಾಣ್ಯಾ ಐತಿ."

ಅಂಜು ಬಹಳ ಹಳೆಯ ಮಾತು. ತಮಿಳಿನಲ್ಲೂ ಮಲಯಾಳದಲ್ಲೂ ಇದೆ. ತಿರುಕ್ಕುರಳಿನ ಒಂದು ಅಧಿಕಾರದ ಹೆಸರೇ 'ಅವೈ ಅಂಜಾಮೈ', ಸಭೆಗೆ ಅಂಜದಿರುವುದು. ಬಸವಣ್ಣನ ವಚನಗಳಲ್ಲೂ ಅಕ್ಕನ ವಚನಗಳಲ್ಲೂ ಈ ಮಾತು ಅಂಜಿಕೆ ಬಿಡಿಸಲಿಕ್ಕೂ ಬರುತ್ತದೆ. ಹಾವಿಗೆ ಅಂಜು, ದೇವರಿಗೆ ಅಂಜು, ಅಪ್ಪನಿಗೆ ಅಂಜು: ಮೂರಕ್ಕೂ ಒಂದೇ ವಿಭಕ್ತಿ. ಹೀಗೆ ಬಳಸುತ್ತ ಬಳಸುತ್ತ ಅಂಜಿಕೆ ಗೌರವದ ಮಗ್ಗುಲಿಗೆ ಬಂದು ಕೂತಿತು. 'ಹಿರ್ಯಾರ ಅಂಜಿಕಿ ಇಲ್ಲ' ಅಂದರೆ ನಮ್ಮ ಕಡೆ ಬೈಗುಳ.

ಆದರೆ ಇದೇ ಸೀಮೆಯ ತಾಯಂದಿರು "ಕೂಸು ಅಂಜೇತಿ, ಜ್ವರ ಬಂದಾವ" ಅಂತಲೂ ಅನ್ನುತ್ತಾರೆ. ಅಂಜಿಕೆ ಮೈಗಿಳಿಯುತ್ತದೆಂದು ಅವರಿಗೆ ಗೊತ್ತು. ಅಂಜಿದಾಗ ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ, ಅದು ಮೂತ್ರಪಿಂಡಗಳ ನೆತ್ತಿಯ ಅಡ್ರಿನಲ್ ಗ್ರಂಥಿಗಳಿಗೆ ಸುದ್ದಿ ಮುಟ್ಟಿಸುತ್ತದೆ, ಕಾರ್ಟಿಸಾಲ್ ಏರುತ್ತದೆ. ಹಾವು ಸರಿದು ಹೋದರೆ ಅದೇ ಕಾರ್ಟಿಸಾಲ್ ಮಿದುಳಿಗೆ 'ಸಾಕು' ಅನ್ನುತ್ತದೆ. ಮನೆಯಲ್ಲೇ ದಿನಾ ಏಟಿನ ದಾರಿ ಕಾಯುವ ಮಗುವಿಗೆ ಹಾವು ಸರಿಯುವುದೇ ಇಲ್ಲ. ಇಂಥ ಕೆಲವು ಮಕ್ಕಳಲ್ಲಿ ಕಾರ್ಟಿಸಾಲ್ ಇಳಿಯುವುದಿಲ್ಲ. ಇನ್ನು ಕೆಲವರಲ್ಲಿ ಏರಬೇಕಾದಾಗಲೂ ಏರುವುದಿಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ಓದಿದಾಗ ನನ್ನ ಎದೆ ಭಾರವಾಯಿತು. ಬಾಲ್ಯದಲ್ಲಿ ಹಿಂಸೆ ಉಂಡು, ಮುಂದೆ ಆತ್ಮಹತ್ಯೆ ಮಾಡಿಕೊಂಡವರ ಮಿದುಳಿನಲ್ಲಿ, ಆ 'ಸಾಕು' ಕೇಳಿಸಿಕೊಳ್ಳುವ ಗ್ರಾಹಕದ ಜೀನ್‌ನ ಚಟುವಟಿಕೆ ತಗ್ಗಿಹೋಗಿತ್ತು. ಸಂಗಮದಲ್ಲಿ ಅಪ್ಪನ ರುಮಾಲು ಸುತ್ತಿ ಮುಗಿದ ಮೇಲೂ ಆ ಹುಡುಗನ ಮೊಣಕೈ ಇಳಿದಿರಲಿಲ್ಲ.

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರು ಮಕ್ಕಳು ಏಟು ತಿಂದವರು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯ ಬೆತ್ತವನ್ನು ನಿಷೇಧಿಸಿತು. ಮನೆಯ ಬೆತ್ತ ಹಾಗೇ ಇದೆ.

ಇಂಥ ಮಗುವಿಗೆ ನಾವು ಇಟ್ಟ ಹೆಸರು ಅಂಜುಬುರುಕ. ಅಳುಬುರುಕ, ಆಸೆಬುರುಕ ಅಂದಹಾಗೆ, ಅದು ಅವನದೇ ಹುಟ್ಟುಗುಣ ಎಂಬಂತೆ. 'ಅಂಜಿಸು' ಎಂಬ ಕ್ರಿಯಾಪದ ನಮ್ಮಲ್ಲಿದೆ. ಅಂಜಿಸುವವನನ್ನು ಕರೆಯಲು ಇಷ್ಟು ಸಲೀಸಾದ ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಆ ಅಜ್ಜಿಯ ಮಾತಿನಲ್ಲೂ ಅಂಜುವ ಕೆಲಸ ಹುಡುಗನದೇ. ಅಪ್ಪ ಇದ್ದದ್ದು ಬರೀ ಚತುರ್ಥಿ ವಿಭಕ್ತಿಯಲ್ಲಿ.